ಕಡೆಯ ನಾಲ್ಕು ಬೆರಳು

“ಅಂಜಿಕಿ ಐತೇನ್ರಿ ಮನ್ಯಾಗ?”

ರಿಪೇರಿಗೆಂದು ಕಟ್ಟಿಗೆಯ ಸಾಮಾನು ಹೊತ್ತುಕೊಂಡು ಯಾರೇ ಅವರ ಬಾಗಿಲಿಗೆ ಹೋಗಲಿ, ಕುಳಿತುಕೊಳ್ಳಿ ಅನ್ನುವ ಮೊದಲು ಅವರು ಕೇಳುತ್ತಿದ್ದ ಮಾತು ಇದು. ಬೇರೆಯವರು ಚಹಾ ತಗೋತೀರೇನು ಅಂತ ಕೇಳುವುದಿಲ್ಲವೇ, ಹಾಗೆ. ನನ್ನನ್ನೂ ಕೇಳಿದರು. ನಾನು ರಾಯಬಾಗದ ಹೈಸ್ಕೂಲೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಪಿ.ಟಿ. ಟೀಚರು. ಕೊರಳಲ್ಲಿ ಸೀಟಿ, ಬಾಯಿ ಬೊಂಬಾಯಿ. ಮೈದಾನದ ಈ ತುದಿಯಲ್ಲಿ ನಾನು ಕೂಗಿದರೆ ಆ ತುದಿಯ ಹುಡುಗಿಯರು ಕಡ್ಡಿಯ ಹಾಗೆ ನೆಟ್ಟಗಾಗಬೇಕು. ಅಂಥವಳನ್ನು ಹಿಡಿದು ಅಂಜಿಕೆ ಇದೆಯೇ ಅಂದರೆ ಏನನ್ನಬೇಕು?

“ನಮ್ಮ ಮನ್ಯಾಗ ಆ ಪದಾರ್ಥನ ಇಲ್ರೀ ಅಣ್ಣಾರ,” ಅಂದೆ.

ಅವರು ನಗಲಿಲ್ಲ, ಸಾಲ ಕೊಡುವವರ ಹಾಗೆ ಅಂದರು: “ಹಂಗಾರ ಹೋಗೂ ಮುಂದ ಸ್ವಲ್ಪ ಕಡಾ ತಗೊಂಡ ಹೋಗ್ರಿ ಬಾಯಾರ. ನಮ್ಮಲ್ಲೆ ಭಾಳ ಐತಿ.”

ನಮ್ಮ ಕಡೆ ಕಲಿಸುವ ಹೆಂಗಸಿಗೆ ಬಾಯಾರು ಅನ್ನುತ್ತಾರೆ. ಅವರು ಕೊನೆಯತನಕ ನನ್ನನ್ನು ಹಾಗೇ ಕರೆದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಬಂದರೆ ಅದಕ್ಕೂ ಅಂಜುವ ಮನುಷ್ಯ. ತೀರಿಕೊಂಡು ತಿಂಗಳ ಮೇಲಾದರೂ ಆ ಅಂಜಿಕೆಗೆ ಮರ್ಯಾದೆ ಕೊಡಬೇಕು ಅನಿಸುತ್ತದೆ.

ಕಾಗವಾಡದ ಹೊರಗೆ, ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ, ಮನೆಗೆ ಅಂಟಿಕೊಂಡ ಒಂದು ತಗಡಿನ ಶೆಡ್ಡು. ಅದೇ ಅವರ ಕಾರ್ಖಾನೆ. ತಲೆಮಾರುಗಳಿಂದ ಒಕ್ಕಲುತನ ಮಾಡಿಕೊಂಡು ಬಂದ ಜೈನರ ಮನೆ. ಇವರೊಬ್ಬರ ಕೈ ಮಾತ್ರ ಮಣ್ಣು ಬಿಟ್ಟು ಕಟ್ಟಿಗೆಗೆ ಹೋಯಿತು. ತರುಣರಿದ್ದಾಗ ಮಿರಜಿನಲ್ಲಿ ತಂಬೂರಿ ಮಾಡುವವರ ಹತ್ತಿರ ಕೆಲಸ ಕಲಿತರು. ಬಿಗಿದ ತಂತಿ ಕಟ್ಟಿಗೆಯನ್ನು ಹೇಗೆ ಜಗ್ಗುತ್ತದೆ, ಕಟ್ಟಿಗೆ ಎಷ್ಟು ತಾಳುತ್ತದೆ, ತಾಳದಿದ್ದರೆ ಮೊದಲು ಎಲ್ಲಿ ಸದ್ದು ಮಾಡುತ್ತದೆ, ಎಲ್ಲ ಅಲ್ಲಿನ ವಿದ್ಯೆ. ಆದರೆ ಅಲ್ಲಿ ಎಲುಬಿನ ಚೂರು ಕೂಡಿಸಬೇಕು, ಚರ್ಮ ಕುದಿಸಿ ಮಾಡಿದ ಅಂಟು ಹಚ್ಚಬೇಕು, ಮೇಲೆ ಅರಗಿನ ಪಾಲಿಶು. ಅರಗು ಹುಳದಿಂದ ಬರುತ್ತದೆ ಅಂತ ಗೊತ್ತಾದ ದಿನ ಅವರಿಗೆ ಊಟ ಸೇರಲಿಲ್ಲವಂತೆ.

“ಒಂದ ತಂಬೂರಿ ಮಿಂಚಬೇಕಂದ್ರ ಎಷ್ಟ ಹುಳ ಸಾಯಬೇಕ್ರಿ? ನಾ ಮನೀಗಿ ಬಂದ್ನಿ.”

ಬಂದವರು ತೊಟ್ಟಿಲು, ಬಿಲ್ಲು ಎನ್ನದೆ ಕಟ್ಟಿಗೆಯ ರಿಪೇರಿ ಶುರು ಮಾಡಿ, ಅಗಸೆ ಎಣ್ಣೆ ಹಿಡಿದರು. ಹಳೇ ಬಣ್ಣವನ್ನು ಗಾಜಿನ ಚೂರಿನಿಂದ ಹೆರೆದು, ಮರಳು ಕಾಗದ ಹಚ್ಚಿ ತಿಕ್ಕಿ, ಬೊಟ್ಟಿನಿಂದ ತೆಳ್ಳಗೆ ಎಣ್ಣೆ ಸವರಿ, ಒಣಗಲು ಎರಡು ದಿನ ಬಿಟ್ಟು, ಮತ್ತೆ ಸವರಿ. ಹೀಗೆ ಹತ್ತು ಹನ್ನೆರಡು ಸಲ. ಅರಗಿನದು ಒಂದೇ ದಿನದ ಕೆಲಸ. “ಅಗಸಿ ಎಣ್ಣಿ ಹೊಲದಾಗ ಬೆಳೀತೈತಿ, ಯಾರಿಗೂ ಏನೂ ಅನ್ನಂಗಿಲ್ಲ,” ಅನ್ನುತ್ತಿದ್ದರು. ಕೆಲಸದ ಹಲಗೆಯ ಮೇಲೆ ಇರುವೆ ಸಾಲು ಬಂದರೆ ಕೈ ನಿಲ್ಲುತ್ತಿತ್ತು. ಸಾಲು ಮುಗಿಯುವತನಕ ಗಿರಾಕಿ ಕಾಯಬೇಕು. ನಾನು ಒಮ್ಮೆ ಅರ್ಧ ಗಂಟೆ ಕಾದಿದ್ದೇನೆ.

ಎಂಥ ಅಂಜುಬುರುಕ ಅಂತೀರಿ! ತಿರುಗುವ ಫ್ಯಾನಿನ ಕೆಳಗೆ ಕೂಡುತ್ತಿರಲಿಲ್ಲ. ಬಸ್ಸು ಹತ್ತುವ ಮೊದಲು ಡ್ರೈವರನ ಕಿಟಕಿಗೆ ಹೋಗಿ, “ಬ್ರೇಕ್ ಹತ್ತತಾವೇನ್ರಿ ಸಾಹೇಬ್ರ?” ಅಂತ ಕೇಳುತ್ತಿದ್ದರು. ಅವರ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ಆಕೆ ಹೇಳಿದ್ದು: ಒಮ್ಮೆ ಯಾರೋ ಅಜ್ಜನ ಕಾಲದ ತೊಟ್ಟಿಲು ರಿಪೇರಿಗೆ ಕೊಟ್ಟರು. ಕೆಲಸ ಮುಗಿದ ಮೇಲೂ ಇವರು ಕೊಡಲೊಲ್ಲರು. ಅದರಲ್ಲಿ ಜೋಳದ ಚೀಲ ಮಲಗಿಸಿ ಎರಡು ದಿನ ತೂಗಿದರಂತೆ. ಊರ ಮಂದಿ ಬೇಲಿಗೆ ನಿಂತು, “ಅಣ್ಣಾರ, ಜೋಳಕ್ಕ ಜೋಗುಳಾನೂ ಹಾಡ್ರಿ,” ಅಂತ ನಕ್ಕರಂತೆ. ಇವರು ತೂಗುವುದನ್ನು ಬಿಡಲಿಲ್ಲ.

ನನ್ನ ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರಬೇಕು.

ನಾನು ಪಿ.ಟಿ. ಕೋರ್ಸು ಮಾಡುವಾಗ ಅಪ್ಪ ಕೊಡಿಸಿದ ಕಟ್ಟಿಗೆಯ ಬಿಲ್ಲು ಅದು. ರಾಮನ ಪಟದಲ್ಲಿರುವ ಹಾಗೆ ಒಂದೇ ಬಾಗು ಅಲ್ಲ. ಎರಡೂ ತುದಿಗಳು ಮತ್ತೆ ಮುಂದಕ್ಕೆ ಮಗುಚಿಕೊಂಡ ಜಾತಿ. ಹಿಡಿಯ ಮೇಲೊಂದು ರೆಕ್ಕೆ, ಕೆಳಗೊಂದು ರೆಕ್ಕೆ. ಒಂದೊಂದು ರೆಕ್ಕೆಯೂ ತೆಳು ಪಟ್ಟಿಗಳನ್ನು ಅಂಟಿಸಿ ಮಾಡಿದ್ದು. ಮದುವೆಯಾದ ಮೇಲೆ ಕಪಾಟಿನ ಮೇಲೆ ಹೋಯಿತು. ಐವತ್ತು ದಾಟಿದ ಮೇಲೆ ನನಗೆ ಹುಚ್ಚು ಹಿಡಿಯಿತು. ಭುಜ ಪೂರ್ತಿ ಕೈಕೊಡುವ ಮೊದಲು ಅದನ್ನೊಮ್ಮೆ ಎಳೆಯಬೇಕು, ಹೆದೆ ಗಲ್ಲಕ್ಕೆ ತಾಗಬೇಕು. ಅಷ್ಟೇ ಆಸೆ. ಕಪಾಟಿನಿಂದ ಇಳಿಸಿ, ಒರೆಸಿ, ಮೂಲೆಯಲ್ಲಿ ಇಟ್ಟೆ.

ಅದೇ ವಾರ ನವರಾತ್ರಿ. ನಮ್ಮ ಅತ್ತೆ ಘಟ ಕೂಡಿಸಿದರು. ಎಲೆಯ ಮೇಲೆ ಹೊಲದ ಮಣ್ಣು ಹರವಿ, ಐದು ಥರದ ಕಾಳು ಬಿತ್ತಿ, ನಡುವೆ ಗಡಿಗೆ ಇಟ್ಟು, ದಿನಾ ನೀರು ಚಿಮುಕಿಸುವುದು. ಒಂಬತ್ತು ದಿನಕ್ಕೆ ಹಳದಿ ಸಸಿ ಗೇಣುದ್ದ ಬರುತ್ತವೆ. ಖಂಡೆ ನವಮಿಗೆ ಆಯುಧಪೂಜೆಯೂ ಅಲ್ಲೇ. ಮೂರನೆಯ ದಿನ ಸಾಲಿಯಿಂದ ಬಂದು ನೋಡುತ್ತೇನೆ, ನನ್ನ ಬಿಲ್ಲು ಘಟದ ಪಕ್ಕದಲ್ಲಿ ನಿಂತಿದೆ, ಕೆಳಗಿನ ತುದಿ ಹಸಿ ಮಣ್ಣಿನಲ್ಲಿ!

“ನಿನ್ನ ಆಯುಧ ಐತೆಲ್ಲವಾ,” ಅಂದರು ಅತ್ತೆ, ಪ್ರೀತಿಯಿಂದಲೇ. “ಎಲ್ಲಾರದೂ ಇಟ್ಟೇನಿ. ನಿಂದ್ಯಾಕ ಬಿಡ್ಲಿ?”

ಕಿತ್ತು ತೆಗೆಯಬೇಕಿತ್ತು. ಆದರೆ ಕೂಡಿಸಿದ ಘಟವನ್ನು ನವಮಿತನಕ ಅಲುಗಿಸಬಾರದು. ಅಲುಗಿಸಿದರೆ ಮನೆಗೆ ಕೇಡು. ಇದನ್ನೆಲ್ಲ ನಂಬುವುದಿಲ್ಲ ಅಂತ ಸಾಲಿಯಲ್ಲಿ ಗಂಟಲು ಹರಿಯುವಂತೆ ಭಾಷಣ ಮಾಡುವವಳು ನಾನೇ. ಕೈ ಮುಂದೆ ಹೋಯಿತು, ಹಾಗೇ ಹಿಂದೆ ಬಂತು. ಆರು ದಿನ ದಿನಾ ಸಂಜೆ ನೋಡಿದೆ. ಬಿಲ್ಲು ನೀರು ಕುಡಿಯಿತು. ಕೆಳಗಿನ ತುದಿಯ ಹೊಳಪು ಬೆಳ್ಳಗೆ ಬೊಕ್ಕೆ ಎದ್ದು, ಅಂಟಿಸಿದ ಪಟ್ಟಿ ಕೂದಲೆಳೆಯಷ್ಟು ಬಾಯಿ ಬಿಟ್ಟಿತು.

ದೀಪಾವಳಿ ಮುಗಿಸಿಕೊಂಡು ಕುಡಚಿ ದಾರಿ ಹಿಡಿದು ಕಾಗವಾಡಕ್ಕೆ ಒಯ್ದೆ. ಅವರು ಬಿಲ್ಲನ್ನು ತಟ್ಟನೆ ಮುಟ್ಟಲಿಲ್ಲ. “ಯಾವುದಕ್ಕ ಹೊಡೀತೀರಿ?” ಅಂದರು. “ಕಾಗದಕ್ಕರಿ,” ಅಂದೆ. “ಕಾಗದಕ್ಕ ಜೀವ ಇಲ್ಲ, ತರ್ರಿ.” ಆದರೆ ಬಾಣಗಳ ಕಟ್ಟನ್ನು ನನಗೇ ತಿರುಗಿ ಕೊಟ್ಟರು. “ಬಿಲ್ಲ ಕೊಲ್ಲಂಗಿಲ್ರಿ, ಬಾಣ ಕೊಲ್ಲತೈತಿ. ನಾ ಬಾಣ ಮುಟ್ಟೂದಿಲ್ಲ. ನಮ್ಮ ಶೆಡ್ಡಿನಾಗೂ ಇಡೂದಿಲ್ಲ.”

ನನಗೆ ನಗು ಬಂತು. ಬಾಣ ಮುಟ್ಟದೆ ಬಿಲ್ಲು ರಿಪೇರಿ ಮಾಡುವವರನ್ನು ಎಲ್ಲಾದರೂ ನೋಡಿದ್ದೀರಾ? ಆಗ ಅವರು ತಮ್ಮ ಎಡಗೆನ್ನೆ ತೋರಿಸಿದರು. ಕಣ್ಣಿನಿಂದ ಎರಡು ಬೆರಳು ಕೆಳಗೆ ಒಂದು ಹಳೇ ಗಾಯದ ಗುರುತು, ಕೊಯ್ದ ಮಾವಿನಕಾಯಿಯ ಗೆರೆಯಂತೆ. ಅವರು ಮೊಟ್ಟಮೊದಲು ರಿಪೇರಿ ಮಾಡಿದ ಬಿಲ್ಲು ಎಳೆಯುವಾಗಲೇ ಸಿಡಿದು ಅದರ ಸಿಬಿರು ಅಲ್ಲಿ ಹೊಕ್ಕಿತ್ತು.

“ಅವಸರ ಮಾಡಿದ್ನಿ. ನಾ ಎಳದದ್ದಕ್ಕ ಇಷ್ಟಕ್ಕ ಮುಗೀತು. ಮಂದಿ ಎಳದಿದ್ರ, ಅದೂ ಯಾರರ ಮನೀ ಹೆಣ್ಣಮಗಳ ಎಳದಿದ್ರ? ಆವತ್ತಿಂದ ಮೊದಲನೇ ಎಳತ ನಂದ. ನನ್ನ ಮಾರಿ ಮುಂದ ಒಡೀಲಿಲ್ಲಂದ್ರ ನಿಮ್ಮ ಮಾರಿ ಮುಂದ ಕೊಡ್ತೇನಿ.”

ಆಮೇಲೆ ಆ ಮುಖವನ್ನೇ ಬಾಗಿಸಿ, ಕೆಳಗಿನ ರೆಕ್ಕೆಯನ್ನು ಕಿವಿಯ ಹತ್ತಿರ ಹಿಡಿದು ಉಗುರಿನಿಂದ ತಟ್ಟಿದರು. ಆ ಬೆಳ್ಳಗಿನ ಬೊಕ್ಕೆಯ ಮೇಲೆ ಉಗುರು ನಿಂತಿತು. “ಇದಕ್ಕ ನೀರ ಮುಟ್ಟೈತೇನ್ರಿ ಬಾಯಾರ? ನೀರ ಕುಡದ ಬಿಲ್ಲ ನಾ ಹಿಡಿಯಂಗಿಲ್ಲ. ಅಂಟ ಒಳಗ ಎಲ್ಲೀತನಾ ಬಿಟ್ಟೈತಿ ಅಂತ ಮ್ಯಾಲ ತಿಳಿಯಂಗಿಲ್ಲ.”

ಹಿಡಿಯುವುದಿಲ್ಲ ಅಂದರೆ? ಈ ಸೀಮೆಯಲ್ಲಿ ಇಂಥ ಕೆಲಸಕ್ಕೆ ಇನ್ನೊಬ್ಬರಿಲ್ಲ. ಅದಕ್ಕಿಂತ ಹೆಚ್ಚು ನಾಚಿಕೆ. ಘಟಕ್ಕೆ ಅಂಜಿ ಬಿಲ್ಲು ಕೊಳೆಸಿದೆ ಅಂತ ಪಿ.ಟಿ. ಬಾಯಾರು ಹೇಗೆ ಹೇಳಬೇಕು?

“ಇಲ್ರಿ. ಕಪಾಟಿನ ಮ್ಯಾಲ ಒಣಾ ಜಾಗಾದಾಗ ಇತ್ತು. ವಯಸ್ಸಾಗೈತಿ, ಅಷ್ಟ.”

“ವಯಸ್ಸಾದ್ರ ಛಲೋನ,” ಅಂದರು. ನಂಬಿದರು. ಅದೇ ಕೆಟ್ಟದಾಯಿತು.

ಚಳಿಗಾಲವೆಲ್ಲ ಬಿಲ್ಲು ಅಲ್ಲಿತ್ತು. ಎರಡು ಮೂರು ವಾರಕ್ಕೊಮ್ಮೆ ಭಾನುವಾರ ಹೋಗುತ್ತಿದ್ದೆ. ಹೆರೆದ ಮೇಲೆ ಒಳಗಿನ ಕಟ್ಟಿಗೆ ಬೆಲ್ಲದ ಬಣ್ಣದ್ದು ಅಂತ ತಿಳಿಯಿತು. ತುದಿಯಲ್ಲಿ ಕಾಣುವಷ್ಟು ಬಾಯಿ ಬಿಟ್ಟಲ್ಲಿ ಹೊಸ ಅಂಟು ತುಂಬಿ, ದಾರ ಸುತ್ತಿ ಬಿಗಿದರು. ಕಾಣದ ಕಡೆ ಬಿಚ್ಚಲಿಲ್ಲ. ಬಿಚ್ಚಲು ಕಾರಣ ನಾನು ಕೊಟ್ಟಿರಲಿಲ್ಲವಲ್ಲ. ಜನರ ಜೊತೆ ಕನ್ನಡ ಮಾತಾಡುವ ಮನುಷ್ಯ ಕಟ್ಟಿಗೆಯ ಜೊತೆ ಮರಾಠಿ ಮಾತಾಡುತ್ತಿದ್ದರು. “ಹಳೂ, ಬಾಳಾ, ಹಳೂ,” ಅಂದರೆ ಮೆಲ್ಲಗೆ ಮಗು, ಮೆಲ್ಲಗೆ. ಮಿರಜಿನ ರೂಢಿ. ವೈನಿ ಬಾಗಿಲಲ್ಲಿ ನಿಂತು, “ನೋಡ್ರಿ ಬಾಯಾರ, ನನ್ನ ಜೋಡಿ ಒಂದ ದಿನಾನೂ ಹಿಂಗ ಮಾತಾಡಿಲ್ಲ,” ಅನ್ನುತ್ತಿದ್ದರು.

ಮಧ್ಯೆ ಒಂದು ದಿನ ಮತ್ತೆ ಕೇಳಿದರು. “ನೀರು?” ನಾನು ಮತ್ತೆ ಇಲ್ಲ ಅಂದೆ. ಕುಂಬಳಕಾಯಿ ಕಳ್ಳನ ಹಾಗೆ ಕೈ ತಾನೇ ಹೆಗಲ ಮೇಲಿನ ಸೆರಗಿಗೆ ಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಆ ಕೆನ್ನೆಯ ಗೆರೆಯೇ ಕಣ್ಣ ಮುಂದೆ. ಎರಡು ಬೆರಳು ಕೆಳಗೆ. ಎರಡೇ ಬೆರಳು. ಮುಂದಿನ ಭಾನುವಾರ ಹೇಳಿಬಿಡುತ್ತೇನೆ ಅಂದುಕೊಂಡೆ. ಮುಂದಿನ ಭಾನುವಾರ ಎಣ್ಣೆ ಹಚ್ಚಿದ ಬಿಲ್ಲು ಎಷ್ಟು ಚೆಂದ ಕಂಡಿತೆಂದರೆ, ಹೇಳಲಿಲ್ಲ. ಅಂಜಿಕೆ ಅನ್ನುವುದು ಆಗಿನಿಂದ ನನ್ನಲ್ಲೂ ಮನೆ ಮಾಡಿತು. ಪ್ರಾರ್ಥನೆಗೆ ನಿಂತಾಗ, ಅನ್ನ ಬಸಿಯುವಾಗ, ಎಲ್ಲೋ ಕಟ್ಟಿಗೆ ಚಟ್ ಅಂದರೆ ಸಾಕು, ತಿರುಗಿ ನೋಡುತ್ತಿದ್ದೆ.

ಚೈತ್ರದಲ್ಲಿ ಎಳೆತ ಶುರುವಾಯಿತು. ಗೋಡೆಗೆ ಒಂದು ಗೂಟ, ಗೂಟಕ್ಕೆ ಬಿಲ್ಲಿನ ಹಿಡಿ, ಹೆದೆಗೆ ಹಗ್ಗ, ಹಗ್ಗ ಕೆಳಗೆ ಹಳೇ ಬಾವಿಯ ರಾಟೆಯ ಮೂಲಕ ಬಾಗಿಲಾಚೆ. ಬಾಗಿಲ ಮರೆಯಲ್ಲಿ ನಿಂತು ಹಗ್ಗ ಜಗ್ಗುವುದು. ದಿನಕ್ಕೊಂದೇ ಬೆರಳಿನಷ್ಟು. ಆದರೆ ಕಡೆಯ ನಾಲ್ಕು ಬೆರಳು ರಾಟೆಗೆ ಬಿಡುತ್ತಿರಲಿಲ್ಲ. ಬಿಲ್ಲನ್ನು ಬಿಚ್ಚಿ ತಾವೇ ಕೈಯಲ್ಲಿ ಹಿಡಿದು, ಗಲ್ಲದತನಕ ಎಳೆಯುತ್ತಿದ್ದರು.

“ಅದನ್ನೂ ರಾಟಿಗೇ ಬಿಡ್ರಲ್ಲ ಅಣ್ಣಾರ,” ಅಂದೆ ನಾನು. ಯಾಕೆ ಅಂದೆನೋ ನನಗೆ ಗೊತ್ತು.

“ರಾಟಿಗಿ ಮಾರಿ ಇಲ್ರಿ ಬಾಯಾರ. ಮಾರಿ ಇಲ್ಲದ್ದಕ್ಕ ಅಂಜಿಕಿ ಇಲ್ಲ, ಅದು ಎಷ್ಟಾರ ಎಳೀತೈತಿ. ಒಳಗ ಕಟಗಿ ನಡಗಿದ್ರ ಕೈಗಿ ತಿಳೀತೈತಿ, ಹಗ್ಗಕ್ಕೇನ ತಿಳೀತೈತಿ?”

ಕಡೆಯ ನಾಲ್ಕು ಬೆರಳಿನ ದಿನ ಬಂತು, ಬೆಳಗಿನ ಹತ್ತು ಗಂಟೆ. ವೈನಿಯನ್ನು ಒಳಗೆ ಹೋಗು ಅಂದರು. ನನ್ನನ್ನು ತಮ್ಮ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ, ನಿಲ್ಲಿಸಿದರು. ಬಿಲ್ಲು ಕೈಯಲ್ಲಿ ಹಿಡಿದು ಮೂರನೆಯ ಸಲ ಕೇಳಿದರು.

“ಕಡೀ ಸಲ ಕೇಳ್ತೇನಿ. ನೀರ ಮುಟ್ಟಿಲ್ಲ, ಹೌದಲ್ರಿ?”

“ಹೌದ್ರಿ,” ಅಂದೆ. ಮೊದಲಿನ ಸುಳ್ಳಿಗೆ ಯೋಚನೆ ಮಾಡಿದ್ದೆ. ಇದು ತಾನಾಗಿ ಬಂತು.

ಅವರು ಎಳೆಯತೊಡಗಿದರು. “ಹಳೂ, ಬಾಳಾ.” ರೆಕ್ಕೆಗಳು ಬಾಗಿದವು. ಬಿಸಿಲಿಗೆ ಬೆಲ್ಲದ ಬಣ್ಣ ಮಿಂಚಿತು. ಹೆದೆ ಎದೆ ದಾಟಿ ಭುಜದ ಹತ್ತಿರ ಬಂತು. ಕಡೆಯ ನಾಲ್ಕು ಬೆರಳು ಉಳಿದವು. ಅಷ್ಟು ಅಂಜುವ ಮನುಷ್ಯ ನನ್ನ ಒಂದು ಮಾತಿನ ಮೇಲೆ ಮುಖವಿಟ್ಟು ಎಳೆಯುತ್ತಿದ್ದರು.

ಕೂಗಬೇಕು ಅಂತ ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು. ಹೆದೆಯಲ್ಲಿ ಬಾಣವಿಲ್ಲ! ಬಾಣ ಇಲ್ಲದೆ ಹೆದೆ ಕೈಬಿಟ್ಟರೆ ಬಾಣಕ್ಕೆ ಹೋಗಬೇಕಾದ ಜೋರೆಲ್ಲ ಬಿಲ್ಲಿನ ಮೈಗೇ ಬಡಿಯುತ್ತದೆ. ಗಟ್ಟಿ ಬಿಲ್ಲೇ ಸೀಳುತ್ತದೆ, ಇದು ಉಳಿಯುತ್ತದೆಯೇ? ನಾನು ಚೀರಿದರೆ ಅವರು ಬೆಚ್ಚಿಬೀಳುತ್ತಾರೆ, ಬೆಚ್ಚಿದರೆ ಬೆರಳು ಬಿಡುತ್ತವೆ. ಸುಮ್ಮನಿದ್ದರೆ ಇನ್ನು ನಾಲ್ಕೇ ಬೆರಳು. ಇಪ್ಪತ್ತೆಂಟು ವರ್ಷ ಕೂಗಿಯೇ ಬದುಕಿದವಳಿಗೆ ಪಿಸುಗುಟ್ಟಲು ದನಿ ಎಲ್ಲಿಂದ ತರಬೇಕು? ಕಡೆಗೆ ಬಂದದ್ದು ಅವರದೇ ಮಾತು, ಮರಾಠಿಯಲ್ಲಿ, ತೊಟ್ಟಿಲ ಕೂಸಿಗೆ ಹೇಳುವ ಹಾಗೆ.

“ಹಳೂ, ಅಣ್ಣಾರ… ಹಳೂ. ಹಂಗ ಹಿಂದಕ್ಕ ಇಳಸ್ರಿ. ಬಿಲ್ಲ ಘಟದಾಗ ಇತ್ರಿ. ಆರೇಳ ದಿನ ನೀರಾಗ ನಿಂತಿತ್ತು.”

ಅವರು ತಿರುಗಿ ನೋಡಲಿಲ್ಲ. ಎಳೆದ ಹೆದೆಯನ್ನು ಒಂದೊಂದೇ ಬೆರಳು, ಒಂದೊಂದೇ ಬೆರಳು, ಮುಂದಕ್ಕೆ ಬಿಡುತ್ತ ಹೋದರು. ಅಷ್ಟು ಉದ್ದದ ಸಮಯವನ್ನು ನಾನು ಹೆರಿಗೆಯಲ್ಲೂ ಕಂಡಿಲ್ಲ. ಹೆದೆ ಸಡಿಲಾದ ಮೇಲೆ ಬಿಲ್ಲನ್ನು ಹಲಗೆಯ ಮೇಲೆ ಇಟ್ಟು, ನೆಲದ ಮೇಲೆ ಕೂತುಬಿಟ್ಟರು. ಎಡಗೈ ತಾನೇ ಹೋಗಿ ಕೆನ್ನೆಯ ಗೆರೆ ಮುಟ್ಟಿತು.

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಸ್ವಲ್ಪ ಹೊತ್ತಾದ ಮೇಲೆ ಎದ್ದು ಬಿಲ್ಲನ್ನು ಗೋಡೆಯ ಗೂಟಕ್ಕೆ ಹಾಕಿ, ಹೆದೆಗೆ ಹಗ್ಗ ಕಟ್ಟಿದರು. ನನ್ನನ್ನು ಬಾಗಿಲಾಚೆ ಕರೆದು, ಕದ ಮುಂದೆ ಮಾಡಿ, ಹಗ್ಗ ಜಗ್ಗಿದರು. ಕಡೆಯ ನಾಲ್ಕು ಬೆರಳನ್ನು ಅವರು ರಾಟೆಗೆ ಬಿಟ್ಟದ್ದು ಅದೊಂದೇ ಸಲ. ಒಂದು. ಎರಡು. ಮೂರನೆಯ ಬೆರಳಿಗೆ ಒಳಗೆ ಪಟಾಕಿ ಹಾರಿದಂತೆ ಸದ್ದಾಯಿತು. ಏನೋ ಬಂದು ಕದಕ್ಕೆ ಬಡಿಯಿತು. ಹಗ್ಗ ಸತ್ತಂತೆ ಸಡಿಲಾಯಿತು.

ತೆರೆದು ನೋಡಿದರೆ ಕೆಳಗಿನ ರೆಕ್ಕೆ ತುದಿಯಿಂದ ಅರ್ಧದವರೆಗೆ ಸೀಳಿ ಜೋತಾಡುತ್ತಿತ್ತು. ಕದದ ಒಳಮೈಯಲ್ಲಿ ಬೆರಳುದ್ದದ ಸಿಬಿರು ನೆಟ್ಟಿತ್ತು. ಅವರು ಕದದ ಪಕ್ಕದಲ್ಲಿ ನಿಂತರು, ಸುಮ್ಮನೆ ಅಳತೆಗೆ. ಅದು ಅವರ ಕಣ್ಣಿನ ಮಟ್ಟಕ್ಕಿತ್ತು. ಈ ಸಲ ಎರಡು ಬೆರಳು ಕೆಳಗಲ್ಲ.

ನನಗೆ ಅಳು ಬಂತು. ಕಾಲು ಹಿಡಿಯಲು ಹೋದೆ, ಹಿಂದೆ ಸರಿದರು.

“ಹೇಳಿದ್ರ ಇಡೀ ಪಟ್ಟಿ ಬಿಚ್ಚಿ ಕೂಡಸ್ತಿದ್ನಿ ಬಾಯಾರ,” ಅಂದರು. “ಹಿಡಿಯಂಗಿಲ್ಲ ಅಂತ ಬಾಯಿಲೆ ಅಂತೇನಿ. ಹೊಳ್ಳಿ ಯಾರನ್ನೂ ಕಳಿಸಿಲ್ಲ.” ಮತ್ತೆ ಅಂದರು, “ಹೋಗ್ರಿ, ಕುಡಚಿ ಬಸ್ಸ ಬರೂ ಹೊತ್ತಾತು.”

ಬಿಲ್ಲನ್ನು ಅಲ್ಲೇ ಬಿಟ್ಟು ಬಂದೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದೂ ಹೋಗಲಿಲ್ಲ. ಮಳೆಗಾಲದಲ್ಲಿ ಕೃಷ್ಣೆ ಬಂದು ಕುಡಚಿಯ ಸೇತುವೆ ಮುಳುಗಿತು. ಹೋಗದಿರಲು ನೆವ ಸಿಕ್ಕಿತೆಂದು ನನಗೆ ಒಳಗೊಳಗೇ ಸಮಾಧಾನವಾಯಿತು. ಎಂಥ ಹಲ್ಕಾ ಸಮಾಧಾನ! ಹೊಳೆ ಇಳಿಯಿತು, ಸೇತುವೆ ತೆರೆಯಿತು. ಆಗಲೂ ಹೋಗಲಿಲ್ಲ. ಆಮೇಲೆ ಒಂದು ದಿನ ಉಗಾರದ ಕಡೆಯ ಒಬ್ಬ ಸಹೋದ್ಯೋಗಿ ಚಹಾ ಕುಡಿಯುತ್ತ ಹೇಳಿದರು, ಅವರು ಹೋದರಂತೆ, ಎಂಟು ದಿನ ಜ್ವರ, ಮಲಗಿದಲ್ಲೇ. ಕಪ್ಪು ಕೆಳಗಿಟ್ಟವಳು ಆ ದಿನ ಒಂದು ಸೀಟಿಯನ್ನೂ ಊದಲಿಲ್ಲ.

ಮೊನ್ನೆ ಹೋಗಿದ್ದೆ. ನವರಾತ್ರಿಗೆ ಇನ್ನೂ ಎಂಟು ದಿನ. ಅತ್ತೆ ಆಗಲೇ ಘಟಕ್ಕೆ ಮಣ್ಣು ಸಾಣಿಸುತ್ತ, “ನಿನ್ನ ಬಿಲ್ಲ ಎಲ್ಲೈತೆವಾ?” ಅಂತ ಕೇಳಿದ್ದರು. ಶೆಡ್ಡಿನ ಕದ ಹಾಕಿತ್ತು. ವೈನಿ ನನ್ನ ಮುಖ ನೋಡಿದರು. ನೀರು ಕೊಟ್ಟರು. ಒಳಗೆ ಹೋಗಿ ಬಿಳೀ ಬಟ್ಟೆ ಸುತ್ತಿದ ಉದ್ದನೆಯ ಗಂಟು ತಂದು ನನ್ನ ತೊಡೆಯ ಮೇಲಿಟ್ಟರು.

ಬಿಚ್ಚಿದೆ. ಸೀಳಿದ ರೆಕ್ಕೆ ಕೂಡಿತ್ತು. ಇಡೀ ಪಟ್ಟಿ ಬಿಚ್ಚಿ, ತುದಿಯಿಂದ ಹಿಡಿಯತನಕ ಹೊಸದಾಗಿ ಅಂಟಿಸಿದ್ದರು. ಕೂಡಿಸಿದ ಗೆರೆ ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣ. ಮೇಲೆ ಎಷ್ಟು ಸಲ ಎಣ್ಣೆ ಸವರಿದ್ದರೋ, ಬೊಟ್ಟಿಟ್ಟರೆ ಬಿಸಿಯೆನಿಸುವಂಥ ಬಣ್ಣ. ಜ್ವರ ಬರುವ ಹಿಂದಿನ ದಿನದವರೆಗೂ ಸವರಿದರಂತೆ. ಹೆದೆ ಇರಲಿಲ್ಲ. ಹೆದೆ ಸಿಗಿಸುವ ಕಚ್ಚು ನೋಡಿದೆ, ಎರಡೂ ತುದಿಯಲ್ಲಿ. ಕಚ್ಚುಗಳೂ ಇರಲಿಲ್ಲ! ಅದೇ ಬಣ್ಣದ ಕಟ್ಟಿಗೆಯ ಚೂರು ಕೂಡಿಸಿ, ತಿಕ್ಕಿ, ನುಣ್ಣಗೆ ಮುಚ್ಚಿಬಿಟ್ಟಿದ್ದರು. ಇನ್ನು ಯಾರೂ ಇದಕ್ಕೆ ಹೆದೆ ಏರಿಸಲಾರರು. ನಾನೂ, ನನ್ನ ಸಾಲಿಯ ಯಾವ ಹುಡುಗಿಯೂ.

“ಸಿಟ್ಟಿಲೆ ಮುಚ್ಚಿಲ್ಲ, ಅಂಜಿಕಿಲೆ ಮುಚ್ಚೇನಿ ಅಂತ ಹೇಳು ಅಂದಾರ್ರಿ,” ಅಂದರು ವೈನಿ. ಮುಜುಗರದಿಂದ ಸೆರಗು ಸರಿ ಮಾಡಿಕೊಂಡು, “ಕೊಡೂ ಮುಂದ ಒಂದ ಮಾತ ಕೇಳಂದಿದ್ರು. ಕೇಳ್ಲೇನ್ರಿ?” ಅಂದರು.

ಕೇಳಿ ಅಂದೆ.

“ಅಂಜಿಕಿ ಐತೇನ್ರಿ ಮನ್ಯಾಗ?”

ಕದದಲ್ಲಿ ಆ ಸಿಬಿರು ಇನ್ನೂ ಹಾಗೇ ನೆಟ್ಟಿದೆಯೇ ಅಂತ ಕೇಳಬೇಕೆಂದಿದ್ದೆ. ಧೈರ್ಯವಾಗಲಿಲ್ಲ.

“ಐತ್ರೀ ವೈನಿ,” ಅಂದೆ. “ಅಣ್ಣಾರ ಕಡಿಂದ ಕಡಾ ತಗೊಂಡಿದ್ನಿ. ಹೊಳ್ಳಿ ಕೊಡೂದ ಆಗಲಿಲ್ಲ.”